ಟಾರು ಮುಗಿದಲ್ಲಿಂದ ಸೈಕಲ್



ಕಳೆದ ಅಕ್ಟೋಬರಿನ ಒಂದು ಆದಿತ್ಯವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಸಭಾಭವನದಲ್ಲಿ ಒಂದು ಸಣ್ಣ ಕೂಟ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಕೂಟ ಅನ್ನುವುದಕ್ಕಿಂತ ವಿಚಾರಣೆ ಅಂದರೆ ಸರಿ. ಅದರ ಹಿಂದಿನ ವಾರ ನಮ್ಮ ಯುವ ಘಟಕದ ಹನ್ನೊಂದು ಮಂದಿ ಸೈಕಲಿನಲ್ಲಿ ಕುಂಬಳೆಯಿಂದ ಉಪ್ಪಳದ ಕಡೆಗೆ ಹೊರಟಿದ್ದೆವು. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಒಂದು ಲಾರಿಯ ಕನ್ನಡಿ ನಮ್ಮ ಹುಡುಗನೊಬ್ಬನ ಭುಜಕ್ಕೆ ತಾಗಿತು. ಅವನು ಚರಂಡಿಯ ಸ್ಲ್ಯಾಬಿನ ಮೇಲೆ ಬಿದ್ದ, ಹೆಗಲೆಲುಬು ಮುರಿಯಿತು. ಲಾರಿ ನಿಲ್ಲಲಿಲ್ಲ. ಕೂಟದಲ್ಲಿ ಹೆತ್ತವರು ಹೇಳಿದ್ದು ಒಂದೇ ಮಾತು: "ಸೈಕಲ್ ಇನ್ನು ಸಾಕು. ವಾಲಿಬಾಲ್ ಆಡಿ, ಕ್ವಿಜ್ ಮಾಡಿ, ಎಂತ ಬೇಕಾದರೂ ಮಾಡಿ."

ಆ ದಿನ ನಮ್ಮಲ್ಲಿ ಉತ್ತರ ಇರಲಿಲ್ಲ. ಪೆಟ್ಟಾದ ಹುಡುಗನ ಅಮ್ಮ ಎದುರು ಬೆಂಚಿನಲ್ಲಿ ಕೂತಿದ್ದರು. ಅವರ ಮುಖ ನೋಡಿ ವಾದ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಈಗ ಮೂರು ತಿಂಗಳು ಕಳೆದಿದೆ, ಹುಡುಗನ ಕೈ ಮೇಲಕ್ಕೆ ಏಳುತ್ತದೆ, ನಾವೂ ಸ್ವಲ್ಪ ಯೋಚಿಸಿದ್ದೇವೆ. ಹೆತ್ತವರು ಹೇಳಿದ್ದರಲ್ಲಿ ಅರ್ಧ ಸರಿ ಎಂಬುದು ನಮ್ಮ ಅಭಿಪ್ರಾಯ. ಆ ರಸ್ತೆಗೆ ಸೈಕಲ್ ತೆಗೆದುಕೊಂಡು ಹೋದದ್ದು ನಮ್ಮ ತಪ್ಪು. ಆದರೆ ಅದಕ್ಕಾಗಿ ಸೈಕಲ್ಲನ್ನೇ ಬಿಡುವುದು ಇನ್ನೊಂದು ತಪ್ಪು. ನಮ್ಮ ಊರಿನಲ್ಲಿ ಲಾರಿ ಬಾರದ ದಾರಿಗಳು ಇನ್ನೂ ಉಂಟು. ಅವು ಫೋನಿನ ನಕ್ಷೆಯಲ್ಲಿ ಕಾಣುವುದಿಲ್ಲ, ಅಷ್ಟೆ.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿ ಆರು ಪಥವಾದ ಮೇಲೆ ನಮ್ಮ ಕಡೆಯವರ ಓಡಾಟವೇ ಬದಲಾಗಿದೆ. ಮಂಗಳೂರಿಗೆ ಬೇಗ ಮುಟ್ಟುತ್ತೇವೆ, ಅದರಲ್ಲಿ ಸಂಶಯವಿಲ್ಲ. ಆದರೆ ಎದುರು ಕಾಣುವ ಅಂಗಡಿಗೆ ಹೋಗಬೇಕಾದರೆ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು. ಬಸ್ಸು, ಲಾರಿ, ರಿಕ್ಷಾ, ಸ್ಕೂಟರ್, ಶಾಲೆಯ ಮಕ್ಕಳು ಎಲ್ಲರೂ ಸರ್ವಿಸ್ ರಸ್ತೆಗೇ ಬಿದ್ದಿದ್ದಾರೆ. ಅದರ ನಡುವೆ ಸೈಕಲಿಗೆ ಉಳಿದ ಜಾಗ ಚರಂಡಿಯ ಸ್ಲ್ಯಾಬು ಮಾತ್ರ.

ಇನ್ನು ಒಳದಾರಿಗಳ ವಿಷಯ. ಹೊರದೇಶಗಳಲ್ಲಿ ಈಗ ಗ್ರಾವೆಲ್ ಬೈಕಿಂಗ್ ಅಂತ ಒಂದು ಹುಚ್ಚು. ಟಾರು ರಸ್ತೆ ಬಿಟ್ಟು ಚರಳು, ಮಣ್ಣು, ಕಾಡಿನ ದಾರಿ, ಹೊಳೆಬದಿ ಹಿಡಿದು ದಿನವಿಡೀ ಸೈಕಲ್ ಓಡಿಸುವುದು. ಅದಕ್ಕೆಂದೇ ಬಾಗಿದ ಹ್ಯಾಂಡಲ್, ದಪ್ಪ ಟಯರಿನ ಬೇರೆ ಜಾತಿಯ ಸೈಕಲ್. ಅಮೆರಿಕದ ಕನ್ಸಾಸಿನಲ್ಲಿ 2006ರಲ್ಲಿ ಕೆಲವೇ ಮಂದಿ ಸೇರಿ ಆರಂಭಿಸಿದ ಚರಳು ರಸ್ತೆಯ ಓಟಕ್ಕೆ ಈಗ ಸಾವಿರಾರು ಜನ ಬರುತ್ತಾರೆ. ನಮ್ಮ ಹುಡುಗರು ಆ ವಿಡಿಯೋ ನೋಡಿ ಬಾಯಿ ಬಿಡುತ್ತಾರೆ, ಅರ್ಧ ಲಕ್ಷದ ಆಚೆಯ ಬೆಲೆ ನೋಡಿ ಬಾಯಿ ಮುಚ್ಚುತ್ತಾರೆ.

ನಮಗೆ ನಗು ಬರುವುದು ಇಲ್ಲೇ. ನಮ್ಮ ಅಜ್ಜಂದಿರು ಇದನ್ನು ಹೆಸರಿಲ್ಲದೆ ಮಾಡಿದವರು. ಮೀನಿನ ಕಾಕ ಬೆಳಿಗ್ಗೆ ಕಡಪುರದಿಂದ ಬೂತಾಯಿ, ಬಂಗುಡೆಯ ಬುಟ್ಟಿಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ಗುಡ್ಡೆ ಹತ್ತಿ ಇಳಿದು, ಬೈಲು ದಾಟಿ, ಒಂಬತ್ತು ಗಂಟೆಯೊಳಗೆ ನಮ್ಮ ಅಂಗಳದಲ್ಲಿ ಕೂಗು ಹಾಕುತ್ತಿದ್ದರು. ಅಂಚೆಯಣ್ಣ ಹಾಗೆಯೇ ಬರುತ್ತಿದ್ದರು. ವಾಳೆಯ ಗುರಿಕಾರರು ಮರಣದ ಸುದ್ದಿ ಮುಟ್ಟಿಸಲು ರಾತ್ರಿ ಡೈನಮೋ ದೀಪದಲ್ಲಿ ಹೊರಡುತ್ತಿದ್ದದ್ದು ಹರ್ಕ್ಯುಲಿಸ್ ಸೈಕಲಿನಲ್ಲಿ, ಮಣ್ಣಿನ ದಾರಿಯಲ್ಲೇ. ಆ ಸೈಕಲಿಗೆ ಗೇರೂ ಇರಲಿಲ್ಲ, ಸಸ್ಪೆನ್ಷನ್ನೂ ಇರಲಿಲ್ಲ. ಏರಿನಲ್ಲಿ ಇಳಿದು ದೂಡುವುದಕ್ಕೆ ನಾಚಿಕೆಯೂ ಇರಲಿಲ್ಲ.

ಬಿ.ಎಸ್ಸಿ. ಓದಿದ ಚಟಕ್ಕೆ ಒಂದು ಮಾತು ಹೇಳಿಬಿಡುತ್ತೇವೆ. ಚರಳಿನ ಮೇಲೆ ಸೈಕಲ್ ಯಾಕೆ ಕುಣಿಯುತ್ತದೆ? ಟಯರಿನಲ್ಲಿ ಗಾಳಿ ಗಟ್ಟಿ ಇದ್ದರೆ ಪ್ರತಿ ಕಲ್ಲಿಗೂ ಇಡೀ ಸೈಕಲ್, ಅದರ ಮೇಲೆ ಕೂತವನೂ ಸೇರಿ, ಮೇಲಕ್ಕೆ ಎದ್ದು ಕೆಳಕ್ಕೆ ಬೀಳಬೇಕು. ಮುಂದಕ್ಕೆ ಹೋಗಬೇಕಾದ ಶಕ್ತಿ ಅದರಲ್ಲೇ ಖರ್ಚಾಗುತ್ತದೆ. ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಕಲ್ಲು ಟಯರಿನೊಳಗೆ ಅಮುಕಿಕೊಳ್ಳುತ್ತದೆ, ಸೈಕಲ್ ಏಳುವುದಿಲ್ಲ. ಡನ್ಲಪ್ ಎಂಬವರು 1888ರಲ್ಲಿ ಮಗನ ಮೂರು ಚಕ್ರದ ಸೈಕಲಿಗೆ ಗಾಳಿ ತುಂಬಿದ ಟಯರು ಹಾಕಿದ್ದು ಇದೇ ಕುಲುಕಾಟ ತಪ್ಪಿಸಲು. ತೀರಾ ಕಡಿಮೆ ಮಾಡಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಪಂಕ್ಚರ್. ಹೆಬ್ಬೆರಳಿನಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು, ಅದು ನಮ್ಮ ಅಳತೆ. ಹಾಗಾಗಿ ಅರ್ಧ ಲಕ್ಷದ ಸೈಕಲ್ ಬೇಡ. ಮನೆಯ ಹಿಂದೆ ತುಕ್ಕು ಹಿಡಿಯುತ್ತಿರುವ ಸೈಕಲಿಗೆ ಒಳ್ಳೆಯ ಬ್ರೇಕ್ ರಬ್ಬರು, ಸಿಗುವುದರಲ್ಲಿ ದಪ್ಪದ ಟಯರು ಹಾಕಿಸಿದರೆ ಕೆಲಸ ಆಗುತ್ತದೆ. ನಮ್ಮ ತಂಡದಲ್ಲಿ ಗೇರು ಇರುವ ಸೈಕಲು ನಾಲ್ಕೇ.

ನವೆಂಬರಿನಿಂದ ನಾವು ನಾಲ್ಕೈದು ಮಂದಿ, ಹೆತ್ತವರ ಒಪ್ಪಿಗೆ ಪಡೆದು, ಒಳದಾರಿ ಹುಡುಕಲು ಹೊರಟೆವು. ಮೊದಲು ಹೋದದ್ದು ಪದವಿಗೆ. ಸೀತಾಂಗೋಳಿ, ಅನಂತಪುರ, ಕಿದೂರು ಸುತ್ತಮುತ್ತ ಮುರಕಲ್ಲಿನ ಬಯಲು ಹೇಗಿದೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಬಸ್ಸಿನ ಕಿಟಕಿಯಿಂದ ಮಾತ್ರ ಗೊತ್ತು. ಮೇಲೆ ಹತ್ತಿದರೆ ಮೈಲು ಗಟ್ಟಲೆ ಕಪ್ಪುಗೆಂಪು ಕಲ್ಲು, ಅದರ ಮೇಲೆ ಸಣ್ಣ ಚರಳು. ಯುರೋಪಿನವರು ಹುಡುಕಿಕೊಂಡು ಹೋಗುವ ಗ್ರಾವೆಲ್ ಅಂದರೆ ಇದೇ ಮಾರಾಯ್ರೆ. 1800–01ರಲ್ಲಿ ಈ ಕರಾವಳಿಯಲ್ಲಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರ್ ಮಲಬಾರಿನಲ್ಲಿ ಜನ ಈ ಕಲ್ಲನ್ನು ಕಡಿದು ಇಟ್ಟಿಗೆ ಮಾಡುವುದನ್ನು ನೋಡಿ, ಇಟ್ಟಿಗೆಗೆ ಲ್ಯಾಟಿನಿನಲ್ಲಿರುವ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟರು. 1807ರಲ್ಲಿ ಅವರ ಪುಸ್ತಕ ಬಂದ ಮೇಲೆ ಪ್ರಪಂಚದ ಭೂವಿಜ್ಞಾನವೆಲ್ಲ ಆ ಹೆಸರನ್ನೇ ಹಿಡಿಯಿತು. ನೆಲದೊಳಗೆ ಇರುವಾಗ ಕತ್ತಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ನಮ್ಮ ಮನೆಗಳ ಗೋಡೆ ಆ ಕಲ್ಲಿನದ್ದೇ.

ಪದವನ್ನು ನಮ್ಮ ಕಡೆ ಖಾಲಿ ಜಾಗ ಅನ್ನುತ್ತಾರೆ. ಅದು ಖಾಲಿ ಅಲ್ಲ. ಮಳೆಗಾಲದ ಕೊನೆಗೆ ಕಲ್ಲಿನ ಹೊಂಡಗಳಲ್ಲಿ ನೀರು ನಿಂತಾಗ ನೀಲಿ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯ ಹಾಗಿರುವ ಎರಿಯೊಕಾಲನ್ ಹೂಗಳು ಹಾಸಿದ ಹಾಗೆ ಅರಳುತ್ತವೆ. ನಡುವೆ ಡ್ರೊಸೆರಾ ಎಂಬ ಕೀಟ ತಿನ್ನುವ ಗಿಡ ಅಂಟು ಹನಿ ಹಿಡಿದು ನಿಂತಿರುತ್ತದೆ. ಯುಟ್ರಿಕ್ಯುಲೇರಿಯಾ ಕೂಡ ಕೀಟಾಹಾರಿಯೇ. ಕಲ್ಲಿನಲ್ಲಿ ಸಾರಜನಕ ಇಲ್ಲದ್ದಕ್ಕೆ ಆ ಉಪಾಯ. ಕಿದೂರಿನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ, ದೂರದಿಂದ ಕ್ಯಾಮೆರಾ ಹಿಡಿದು ಜನ ಬರುತ್ತಾರೆ. ನಮ್ಮ ಹಿರಿಯರಿಗೆ ಈ ಪದವು ಇನ್ನೊಂದು ರೀತಿಯಲ್ಲಿ ಗೊತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಬಾಲ ಮರಿಯಮ್ಮನಿಗೆ ಅರ್ಪಿಸುವ ಹೂ ಕೊಯ್ಯಲು ಮಕ್ಕಳು ಓಡುತ್ತಿದ್ದದ್ದು ಇಲ್ಲಿಗೇ. ಈಗ ನಮ್ಮ ಮಕ್ಕಳ ಬುಟ್ಟಿಯಲ್ಲಿ ಅಂಗಡಿಯ ಸೇವಂತಿಗೆ ಕಾಣುತ್ತದೆ. ಹೂ ಇಲ್ಲ ಅಂತಲ್ಲ. ಆ ಹೂ ಇರುವಲ್ಲಿಗೆ ಹೋಗುವ ದಾರಿ ಮಕ್ಕಳಿಗೆ ಗೊತ್ತಿಲ್ಲ.

ಆ ದಿನ ಬೇಳದ ಶೋಕಮಾತೆಯ ಚರ್ಚಿನ ನೆರಳಿನಲ್ಲಿ ಕೂತು ನಾವು ಚಪಾತಿ ತಿಂದೆವು. 1890ರ ಆ ಚರ್ಚನ್ನು ಕಟ್ಟಿದ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದವರಿಗೆಲ್ಲ ಇದ್ದದ್ದು ಕಾಲುದಾರಿ, ಎತ್ತಿನಗಾಡಿ ದಾರಿ. ಅವುಗಳಲ್ಲಿ ಕೆಲವು ಇನ್ನೂ ಉಳಿದಿವೆ ಎಂದು ನಮಗೆ ಗೊತ್ತಾದದ್ದು ಅವತ್ತೇ, ಅಲ್ಲಿಯ ಒಬ್ಬ ಅಜ್ಜ ಕೈ ತೋರಿಸಿದ ಮೇಲೆ. ನಮ್ಮ ಚರ್ಚಿನಿಂದ ಬೇಳಕ್ಕೆ ಬಂದ ಟಾರು ರಸ್ತೆಗಿಂತ ಅವರು ತೋರಿಸಿದ ದಾರಿ ಹತ್ತಿರವಿತ್ತು. ನಾಲ್ಕು ವಾಹನ ಸಿಕ್ಕಿದವು, ಅದರಲ್ಲಿ ಒಂದು ಹುಲ್ಲಿನ ಗೂಡ್ಸ್ ರಿಕ್ಷಾ, ಎರಡು ಸ್ಕೂಟರ್, ಒಂದು ಮದುವೆಮನೆಯ ಜೀಪು.

ಎರಡನೇ ಸಲ ತೋಡು ಹಿಡಿದು ಹೋದೆವು. ಏತಡ್ಕದ ಕಟ್ಟಗಳ ಬಗ್ಗೆ ಶ್ರೀ ಪಡ್ರೆಯವರು ಬರೆದದ್ದನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಮಳೆ ಹೋದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಮರ, ಅಡಿಕೆ ಸೋಗೆ ಹಾಕಿ ಕೃಷಿಕರೇ ಕಟ್ಟುವ ತಾತ್ಕಾಲಿಕ ಒಡ್ಡು ಅದು. ಒಂದರ ಹಿಂದೆ ಒಂದು ಕಟ್ಟಿದರೆ ಮೇಲಿನ ಕಟ್ಟದಲ್ಲಿ ಇಂಗಿದ ನೀರು ಕೆಳಗಿನ ತೋಟದ ಬಾವಿಯಲ್ಲಿ ಏಳುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಆದರೂ ಏಪ್ರಿಲಿನಲ್ಲಿ ನೀರಿಗೆ ಪರದಾಟ. ನೀರೆಲ್ಲ ಗುಡ್ಡೆಯಿಂದ ಜಾರಿ ಸಮುದ್ರ ಸೇರಿದ್ದಕ್ಕೆ ಹಾಗೆ. ಕಟ್ಟದ ಬದಿಯಲ್ಲಿ ತೋಟಕ್ಕೆ ಹೋಗಲು ಒಂದು ದಾರಿ ಇರುತ್ತದೆ, ಸೈಕಲ್ ಒಂದು ಹೋಗುವಷ್ಟು ಅಗಲ. ಒಂದು ಬದಿ ನಿಂತ ನೀರು, ಇನ್ನೊಂದು ಬದಿ ಅಡಿಕೆ ತೋಟ, ಮೇಲೆ ಬಿಸಿಲೇ ಬೀಳುವುದಿಲ್ಲ. ಅಡಿಕೆ ಮರದ ಸಂಕ ಬಂದಾಗ ಮಾತ್ರ ಸೈಕಲನ್ನು ಹೆಗಲಿಗೆ ಹಾಕಿ ದಾಟಬೇಕು. ನಮ್ಮಲ್ಲಿ ಒಬ್ಬಳು ಎಂ.ಎಸ್ಸಿ. ಕಲಿಯುವವಳು ಸಂಕದ ಮಧ್ಯ ನಿಂತು ಸೆಲ್ಫಿ ತೆಗೆಯಲು ಹೋಗಿ ಚಪ್ಪಲಿ ತೋಡಿಗೆ ಬಿಟ್ಟಳು. ಚಪ್ಪಲಿ ಮುಂದಿನ ಕಟ್ಟದಲ್ಲಿ ಸಿಕ್ಕಿತು. ಕಟ್ಟ ನೀರನ್ನು ಮಾತ್ರ ತಡೆಯುವುದಲ್ಲ ಎಂದು ಆ ತೋಟದ ಯಜಮಾನರು ನಕ್ಕರು, ಕುಡಿಯಲು ಸುರಂಗದ ನೀರು ಕೊಟ್ಟರು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಮಾಟೆಯಿಂದ ಪಂಪಿಲ್ಲದೆ ತಾನಾಗಿ ಹರಿದು ಬರುವ ನೀರು. ಫ್ರಿಜ್ಜಿನ ನೀರಿಗೆ ಆ ತಂಪು ಎಲ್ಲಿಂದ?

ಇಲ್ಲಿ ಒಂದು ಎಚ್ಚರ. ಇಂಥ ದಾರಿ ಬಹಳಷ್ಟು ಖಾಸಗಿ ತೋಟದ ಒಳಗಿನದ್ದು. ಯಜಮಾನರನ್ನು ಕೇಳದೆ ನುಗ್ಗಿದರೆ ಮುಂದಿನ ವಾರ ಅಲ್ಲಿ ಗೇಟು ಬೀಳುತ್ತದೆ, ಬೀಳಬೇಕಾದದ್ದೇ. ಕೇಳಿದರೆ ಇಲ್ಲ ಅಂದವರು ನಮಗೆ ಈವರೆಗೆ ಒಬ್ಬರೇ, ಅವರ ನಾಯಿ ಅವರಿಗಿಂತ ಮೊದಲೇ ಹೇಳಿತ್ತು.

ಹೊಯಿಗೆಯ ದಾರಿ ನೋಡಬೇಕೆಂದು ಡಿಸೆಂಬರಿನಲ್ಲಿ ಸೈಕಲುಗಳನ್ನು ಪಿಕಪ್ಪಿಗೆ ಹಾಕಿ ಚಂದ್ರಗಿರಿ ದಾಟಿ ದಕ್ಷಿಣದ ವಲಿಯಪರಂಬಕ್ಕೆ ಹೋದೆವು. ಒಂದು ಬದಿ ಕವ್ವಾಯಿ ಹಿನ್ನೀರು, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಸುಮಾರು 24 ಕಿ.ಮೀ. ಉದ್ದದ ಹೊಯಿಗೆಯ ಪಟ್ಟಿ. ನೋಡಲು ಬಹಳ ಚಂದ, ಸೈಕಲಿಗೆ ಅಷ್ಟಕ್ಕಷ್ಟೇ. ಸಡಿಲ ಹೊಯಿಗೆಯಲ್ಲಿ ಟಯರು ಹೂತು ಅರ್ಧ ದಾರಿ ದೂಡಿದೆವು. ಇಳಿತದ ಹೊತ್ತಿನಲ್ಲಿ ನೀರಿನಂಚಿನ ಗಟ್ಟಿ ಹೊಯಿಗೆಯಲ್ಲಿ ಮಾತ್ರ ಸುಖ, ಆಮೇಲೆ ಉಪ್ಪಿಗೆ ಚೈನು ತುಕ್ಕು. ದಿಬ್ಬದ ಮೇಲೆ ಓಡಿಸಲೇಬಾರದು ಎಂಬುದು ನಮ್ಮ ಖಡಾಖಡಿ ಅಭಿಪ್ರಾಯ. ಅಲ್ಲಿ ಹಬ್ಬಿರುವ ಅಡುಂಬು ಬಳ್ಳಿ, ರಾವಣನ ಮೀಸೆ ಇವೆರಡೇ ಆ ಹೊಯಿಗೆಯನ್ನು ಹಿಡಿದು ನಿಲ್ಲಿಸಿದ್ದು. ಅದು ಸವೆದರೆ ಕಡಲಿಗೆ ಅಡ್ಡ ಇಲ್ಲ. ಮೇಲಾಗಿ ಚಳಿಗಾಲದಲ್ಲಿ ಈ ಕರೆಯಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ನೀಲೇಶ್ವರದ ತೈಕಡಪ್ಪುರಂ ಬದಿಯಲ್ಲಿ ಊರಿನವರೇ ಅವುಗಳನ್ನು ಕಾಯುತ್ತಾರೆ. ಅವರ ಶ್ರಮದ ಮೇಲೆ ನಮ್ಮ ಟಯರು ಹೋಗುವುದು ಬೇಡ.

ಕಾಡಿನ ಬಗ್ಗೆ ಇನ್ನೂ ಕಡಿಮೆ ಹೇಳುತ್ತೇವೆ. ರಾಣಿಪುರಕ್ಕೆ ಸೈಕಲ್ ಒಯ್ಯೋಣ ಎಂದು ಹುಡುಗರ ಆಸೆ. ಮೊದಲು ಮಾಡತ್ತುಮಲೆ ಎನಿಸಿಕೊಂಡಿದ್ದ ಆ ಬೆಟ್ಟಕ್ಕೆ 1970ರಲ್ಲಿ ಕೊಟ್ಟಾಯಂ ಧರ್ಮಪ್ರಾಂತ್ಯದವರು ಒಕ್ಕಲು ತಂದಾಗ ಮರಿಯಮ್ಮನ ಹೆಸರಿನಲ್ಲಿ ರಾಣಿಪುರ ಎಂದು ಕರೆದರು. ನಮ್ಮ ಮಕ್ಕಳಿಗೆ ಇದು ಗೊತ್ತಿರಲಿ. ಆದರೆ 1048 ಮೀಟರ್ ಎತ್ತರದ ಆ ಹುಲ್ಲುಗಾವಲಿಗೆ ಅರಣ್ಯ ಇಲಾಖೆಯ ಟಿಕೆಟ್ ತೆಗೆದು ನಡೆದೇ ಹತ್ತಬೇಕು, ಆನೆ ಬಂದರೆ ಅದೂ ಬಂದ್. ನಮ್ಮ ಹತ್ತಿರದ ಕಾರಡ್ಕ, ಮುಳಿಯಾರು ಕಡೆಯಲ್ಲೂ ಈಚಿನ ವರ್ಷಗಳಲ್ಲಿ ಆನೆ, ಚಿರತೆಯ ಸುದ್ದಿ ಬಿಡುವಿಲ್ಲ. ಕಾಡಿನ ಅಂಚಿನ ಊರದಾರಿಯಲ್ಲಿ ಹಗಲು ಹೋಗೋಣ, ಕಾಡಿನೊಳಗೆ ಬೇಡ. ಈ ವಿಷಯದಲ್ಲಿ ನಮ್ಮಲ್ಲೇ ಜಗಳ ಆಗಿದೆ. ಇರಲಿ.

ಇಷ್ಟೆಲ್ಲ ನೋಡಿ, ಮಣ್ಣಿನ ದಾರಿಗಳನ್ನು ಹಾಗೆಯೇ ಉಳಿಸಬೇಕು, ಟಾರು ಕಾಂಕ್ರೀಟು ಹಾಕಲೇಬಾರದು ಎಂದು ಒಂದು ಬರಹ ಬರೆಯಲು ನಾವು ತಯಾರಾಗಿದ್ದೆವು. ಕ್ರಿಸ್‌ಮಸ್ ಕಳೆದ ವಾರ ಎಣ್ಮಕಜೆ ಪಂಚಾಯತಿನ ಗುಡ್ಡೆಗಳ ಕಡೆ ಹೋಗದೆ ಇದ್ದಿದ್ದರೆ ಹಾಗೆಯೇ ಬರೆಯುತ್ತಿದ್ದೆವು.

ಗೇರು ತೋಟದ ನಡುವಿನ ಏರು. ಒಂದು ಗಂಟೆ ಒಂದೇ ಒಂದು ವಾಹನ ಇಲ್ಲ, ಹಕ್ಕಿಯ ಸದ್ದು ಬಿಟ್ಟರೆ ನಮ್ಮ ಉಸಿರಿನ ಸದ್ದು. ಏರಿನ ತುದಿಯಲ್ಲಿ ಒಂದು ಮನೆ. ನೀರು ಕೇಳಿದೆವು. ಒಬ್ಬರು ಅಕ್ಕ, ಅರುವತ್ತು ದಾಟಿರಬಹುದು, ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಒಳಗಿನ ಮಂಚದಲ್ಲಿ ಅವರ ಮಗಳು ಮಲಗಿದ್ದಳು. ಮೂವತ್ತು ವರ್ಷ ಎಂದರು, ನೋಡಿದರೆ ಹತ್ತು ವರ್ಷದ ಮಗುವಿನ ಹಾಗೆ. ಕಾರಣ ನಾವು ಕೇಳಲಿಲ್ಲ, ಅವರೇ ಕೈ ಎತ್ತಿ ಗೇರುಮರಗಳ ಕಡೆ ತೋರಿಸಿದರು.

ನಿಮಗೆಲ್ಲ ಗೊತ್ತಿರುವ ಕಥೆ ಇದು, ಆದರೂ ಚಿಕ್ಕವರಿಗಾಗಿ ಹೇಳಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಗುಡ್ಡೆಯ ಮೇಲೆ, ಮನೆ, ತೋಡು, ಬಾವಿ, ಸುರಂಗ ಎಲ್ಲ ಕೆಳಗೆ. ಪಡ್ರೆ ಗ್ರಾಮದ ವಾಣಿನಗರದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದರು, ಶ್ರೀ ಪಡ್ರೆಯವರು ಬರೆದರು, ಊರಿನವರು ಹೋರಾಡಿದರು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ವಾಹನವಿಲ್ಲದ ಚಂದದ ದಾರಿ ಎಂದು ನಾವು ಫೋಟೋ ತೆಗೆದ ದಾರಿ ಆ ಗೇರು ತೋಟದ್ದೇ.

"ಎಲ್ಲಿಂದ ಬಂದದ್ದು ಮಕ್ಕಳೇ?" ಎಂದು ಅಕ್ಕ ಕೇಳಿದರು. ಮಣ್ಣಿನ ದಾರಿ ಹುಡುಕಿಕೊಂಡು ಬಂದೆವು ಎಂದೆವು. ಅವರು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು.

"ನಿಮಗೆ ಈ ದಾರಿ ಚಂದ. ಇವಳಿಗೆ ಫಿಟ್ಸ್ ಬಂದರೆ ನಾನು ಆ ಏರಿನ ಬುಡದವರೆಗೆ ಹೊತ್ತುಕೊಂಡು ಹೋಗಬೇಕು. ಮಳೆಗಾಲದಲ್ಲಿ ಜೀಪು ಮೇಲೆ ಬರುದಿಲ್ಲ. ಮುಂಚೆ ಇವಳಪ್ಪ ಹೊರುತ್ತಿದ್ದರು. ಈಗ ಅವರಿಲ್ಲ."

2020ರ ಮಾರ್ಚಿನ ಕೊನೆಯಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಮ್ಮ ಜಿಲ್ಲೆಯವರು ಸತ್ತದ್ದನ್ನು ನಾವು ಕಂಡವರು. ಆಗ ನಾವು ಕಾಲೇಜು ಮಕ್ಕಳು. ರಸ್ತೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದೂ, ಟಾರು ಬೇಡ ಎಂದು ಬರೆಯಲು ಹೊರಟಿದ್ದೆವು. ಅವತ್ತು ಹಿಂದೆ ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ.

ಆದ್ದರಿಂದ ಈಗ ನಮ್ಮ ಅಭಿಪ್ರಾಯ ಹೀಗಿದೆ. ಒಂದು ಮನೆ ಇದ್ದರೂ ಆ ಮನೆಗೆ ಗಟ್ಟಿ ರಸ್ತೆ ಆಗಬೇಕು. ಆ ಅಕ್ಕನ ಮನೆಗೆ ಆಗಬೇಕಾದದ್ದು ನಮ್ಮ ಸೈಕಲಿಗಿಂತ ಎಷ್ಟೋ ಮೊದಲು. ಆದರೆ ನಮ್ಮಲ್ಲಿ ಕಾಂಕ್ರೀಟು ಬೀಳುವುದು ಯಾವಾಗಲೂ ಅಂಥ ಮನೆಗೆ ಅಲ್ಲ. ಎರಡು ದೊಡ್ಡ ರಸ್ತೆಗಳ ನಡುವಿನ ಅಡ್ಡದಾರಿ, ಮನೆಯೇ ಇಲ್ಲದ ಪದವಿನ ದಾರಿ, ತೋಡಿನ ಬದಿಯ ದಾರಿ, ಇವಕ್ಕೆ ಬೇಗ ಬೀಳುತ್ತದೆ. ಬಿದ್ದ ಮರುದಿನದಿಂದ ಟಿಪ್ಪರುಗಳಿಗೆ ಅದು ಶಾರ್ಟ್‌ಕಟ್. ಹೆದ್ದಾರಿಗೆ ಮಣ್ಣು ಬೇಕೆಂದು ಎಷ್ಟು ಗುಡ್ಡೆಗಳು ಅರ್ಧ ಆದವು ಎಂದು ನಾವೆಲ್ಲ ನೋಡಿದ್ದೇವೆ. ಚೆರುವತ್ತೂರಿನ ವೀರಮಲೆ ಗುಡ್ಡೆ 2025ರ ಮಳೆಗಾಲದಲ್ಲಿ ಹೆದ್ದಾರಿಯ ಮೇಲೆಯೇ ಕುಸಿದದ್ದನ್ನೂ ನೋಡಿದ್ದೇವೆ. ಮನೆಯಿಲ್ಲದ ಕೊಂಡಿದಾರಿಗಳನ್ನು ನಡೆಯುವವರಿಗೆ, ಸೈಕಲಿಗೆ ಬಿಟ್ಟುಬಿಡಬೇಕು. ಎರಡು ತುದಿಯಲ್ಲಿ ಎರಡು ಮುರಕಲ್ಲಿನ ಗೂಟ ನೆಟ್ಟರೆ ಸಾಕು, ಟಿಪ್ಪರು ಬರುವುದಿಲ್ಲ. ಅಲ್ಲಿ ಉಳಿದ ಹಣ ಏರಿನ ಮೇಲಿನ ಮನೆಗೆ ಹೋಗಲಿ.

ಇದನ್ನು ಹೇಳಬೇಕಾದದ್ದು ಗ್ರಾಮಸಭೆಯಲ್ಲಿ. ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಕಳೆದ ಡಿಸೆಂಬರಿನ ಪಂಚಾಯತ್ ಚುನಾವಣೆಯಲ್ಲಿ ನಮ್ಮ ಮನೆಗಳಿಗೆ ಬಂದ ಚೀಟಿಗಳಲ್ಲೆಲ್ಲ ಇದ್ದದ್ದು ರಸ್ತೆಯ ಮಾತು. ಈಗ ಹೊಸ ಮೆಂಬರುಗಳು ಬಂದಿದ್ದಾರೆ, ಕೇಳುವುದಕ್ಕೆ ಇದೇ ಹೊತ್ತು. ನಮ್ಮ ಯುವಜನರಲ್ಲಿ ಗ್ರಾಮಸಭೆಗೆ ಹೋದವರು ಎಷ್ಟು ಮಂದಿ ಎಂದು ಕೈ ಎತ್ತಲು ಹೇಳಿದೆವು, ಎರಡು ಕೈ ಎದ್ದವು. ಅದರಲ್ಲಿ ಒಂದು ರೇಷನ್ ಕಾರ್ಡಿನ ವಿಷಯಕ್ಕೆ ಹೋದದ್ದು. ಅರ್ಜಿಯನ್ನು ಕನ್ನಡದಲ್ಲೇ ಬರೆಯೋಣ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಅದು ನಮ್ಮ ಹಕ್ಕು, ಬಳಸದಿದ್ದರೆ ಅದಕ್ಕೂ ತುಕ್ಕು ಹಿಡಿಯುತ್ತದೆ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಉಂಟು. ಬೆಲ್ಜಿಯಮ್ಮಿನ ಲಿಂಬುರ್ಗ್ ಎಂಬಲ್ಲಿ 1995ರಲ್ಲಿ ಹ್ಯೂಗೋ ಬೊಲ್ಲೆನ್ ಎಂಬ ಗಣಿ ಎಂಜಿನಿಯರ್ ಒಬ್ಬರ ಯೋಚನೆಯಿಂದ, ಒಳದಾರಿಗಳು ಕೂಡುವಲ್ಲೆಲ್ಲ ಒಂದೊಂದು ಸಂಖ್ಯೆಯ ಫಲಕ ಹಾಕಿದರು. 12ರಿಂದ 27ಕ್ಕೆ, 27ರಿಂದ 31ಕ್ಕೆ ಎಂದು ಚೀಟಿಯಲ್ಲಿ ಬರೆದುಕೊಂಡರೆ ನಕ್ಷೆ ಇಲ್ಲದೆ ದಿನವಿಡೀ ಸೈಕಲಿನಲ್ಲಿ ತಿರುಗಬಹುದು. ಈಗ ಬೆಲ್ಜಿಯಮ್ಮಿನ ಬಹುಭಾಗ, ನೆದರ್ಲೆಂಡ್ಸ್ ಪೂರ್ತಿ ಅದೇ ಕ್ರಮ. ಹೊಸ ರಸ್ತೆ ಕಟ್ಟಬೇಕಾಗಿಲ್ಲ, ಇರುವ ದಾರಿಗೆ ಸಂಖ್ಯೆ ಬರೆದರೆ ಆಯಿತು. ನಮ್ಮ ಚರ್ಚಿನಿಂದ ಬೇಳಕ್ಕೆ ನಾವು ಹೀಗೆ ಏಳು ಕೂಡುದಾರಿ ಗುರುತಿಸಿದ್ದೇವೆ. ಪಂಚಾಯತಿನ ಮತ್ತು ಜಾಗದವರ ಒಪ್ಪಿಗೆ ಸಿಕ್ಕಿದರೆ ಮುರಕಲ್ಲಿಗೆ ಸುಣ್ಣ ಬಳಿದು 1ರಿಂದ 7 ಬರೆಯುತ್ತೇವೆ. ಖರ್ಚು ಒಂದು ಡಬ್ಬಿ ಬಣ್ಣ. ಅಕ್ಕಪಕ್ಕದ ಧರ್ಮಕೇಂದ್ರದ ಯುವಕರು ಅಲ್ಲಿಂದ ಮುಂದಕ್ಕೆ 8 ಬರೆಯಲಿ. ದೇವಸ್ಥಾನದ, ಮಸೀದಿಯ ಹುಡುಗರೂ ಸೇರಿದರೆ ಇನ್ನೂ ಒಳ್ಳೆಯದು. ದಾರಿ ಹಳಬರಿಂದ ಹಿಡಿದು ಎಲ್ಲರೂ ನಡೆದದ್ದೇ.

ಹೆತ್ತವರಲ್ಲಿ ಒಂದು ಮಾತು. ಹುಡುಗಿಯರು ಬೇಡ, ಹುಡುಗರು ಮಾತ್ರ ಹೋಗಲಿ ಎಂದು ಕೆಲವರು ಹೇಳಿದ್ದೀರಿ. ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ಆದರೆ ಈ ಮೂರು ತಿಂಗಳಲ್ಲಿ ದಾರಿ ಕೇಳಿ ತಿಳಿದದ್ದು, ಅಡುಗೆಮನೆಯ ಬಾಗಿಲಿನವರೆಗೆ ಹೋಗಿ ನೀರು ತಂದದ್ದು, ಎಣ್ಮಕಜೆಯ ಆ ಅಕ್ಕನ ಹತ್ತಿರ ಮಾತಾಡಿದ್ದು ನಮ್ಮ ಹುಡುಗಿಯರೇ. ಹುಡುಗರು ಆ ಹೊತ್ತಿಗೆ ಚೈನು ಸರಿಮಾಡುತ್ತಾ ತಲೆ ತಗ್ಗಿಸಿ ಕೂತಿದ್ದರು.

ಆ ಅಕ್ಕನ ಮನೆಯ ರಸ್ತೆಯ ಬಗ್ಗೆ ಅರ್ಜಿ ಬರೆದಾಗಿದೆ. ಅವರ ಸಹಿ ತೆಗೆದುಕೊಳ್ಳಲು ಬರುವ ಆದಿತ್ಯವಾರ ಮೊದಲ ಪೂಜೆ ಮುಗಿದ ಮೇಲೆ ಏಳೂವರೆಗೆ ಚರ್ಚಿನ ಅಂಗಳದಿಂದ ಹೊರಡುತ್ತೇವೆ. ಟಾರು ಇರುವಷ್ಟು ದೂರ ಪಿಕಪ್ಪಿನಲ್ಲಿ, ಆಮೇಲೆ ಸೈಕಲಿನಲ್ಲಿ. ಹೆಲ್ಮೆಟ್ ಇಲ್ಲದವರನ್ನು ಸೇರಿಸುವುದಿಲ್ಲ. ಪಂಪು, ಪಂಕ್ಚರ್ ಕಿಟ್ ನಮ್ಮಲ್ಲಿ ಉಂಟು, ಮಧ್ಯಾಹ್ನದ ಬುತ್ತಿ ಅವರವರದ್ದು. ಹೆಗಲೆಲುಬು ಮುರಿದ ಹುಡುಗನಿಗೆ ಸೈಕಲ್ ಹತ್ತಲು ಡಾಕ್ಟರರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ, ಅವನು ಪಿಕಪ್ಪಿನಲ್ಲಿ ಕೂತುಕೊಳ್ಳುತ್ತಾನೆ. ಮೊನ್ನೆ ಅವನ ಅಮ್ಮ ದಾರಿ ಯಾವುದೆಂದು ಕೇಳಿದರು. ಕಾಗದದಲ್ಲಿ ಗೆರೆ ಎಳೆದು ತೋರಿಸಿದೆವು. ತುಂಬಾ ಹೊತ್ತು ನೋಡಿ, "ಇದು ನನ್ನ ತಾಯಿಮನೆಗೆ ಹೋಗುವ ಹಳೆಯ ದಾರಿ ಅಲ್ಲವಾ" ಎಂದರು. ಆ ಮನೆಗೆ ಕೊಡಲು ಅಕ್ಕಿಹಿಟ್ಟು, ತೆಂಗಿನೆಣ್ಣೆ ಕಟ್ಟಿಕೊಡುತ್ತೇನೆ, ಪಿಕಪ್ಪಿನಲ್ಲಿ ತನಗೂ ಒಂದು ಜಾಗ ಇರಲಿ ಎಂದಿದ್ದಾರೆ.